ದೇಶದಲ್ಲಿ ಕಳ್ಳತನ ಜಾಸ್ತಿ ಆಯ್ತಾ, ಕಮ್ಮಿ ಆಯ್ತಾ? ಎನ್‌ಸಿಆರ್‌ಬಿ ಲೆಕ್ಕ ಓದೋದು ಹೀಗೆ

ಎನ್‌ಸಿಆರ್‌ಬಿ ಅಂದ್ರೆ ದೇಶದ ಪೊಲೀಸರ ಅಪರಾಧ ಲೆಕ್ಕ ಒಟ್ಟು ಹಾಕೋ ಕೇಂದ್ರ ಸರ್ಕಾರದ ಸಂಸ್ಥೆ. ಅವರ ವಾರ್ಷಿಕ ವರದಿ "ಕ್ರೈಮ್ ಇನ್ ಇಂಡಿಯಾ" ಬಂದ ದಿನ ಟಿವಿಲಿ "ಕಳ್ಳತನ ಇಷ್ಟು ಪರ್ಸೆಂಟ್ ಏರಿಕೆ" ಅಂತ ಕೆಂಪು ಬಾಣ ತೋರಿಸ್ತಾರೆ, ವಾಟ್ಸಾಪ್ ಗ್ರೂಪಲ್ಲಿ ಆ ಪಾರ್ಟಿ ಈ ಪಾರ್ಟಿ ಅಂತ ಜಗಳ ಶುರು. ಜಗಳಕ್ಕೆ ಇಳಿಯೋ ಮುಂಚೆ ಆ ನಂಬರ್ ಏನನ್ನ ಎಣಿಸಿದೆ ಅಂತ ನೋಡಿ. ವರದಿಯ ಪಿಡಿಎಫ್ ಎನ್‌ಸಿಆರ್‌ಬಿ ವೆಬ್‌ಸೈಟಲ್ಲೇ ಫ್ರೀಯಾಗಿ ಸಿಗುತ್ತೆ, ಹಳೇ ವರ್ಷದ್ದೂ ಇದೆ.

ಅಲ್ಲಿರೋದು ಕಳ್ಳತನದ ಲೆಕ್ಕ ಅಲ್ಲ, ಎಫ್‌ಐಆರ್ ಲೆಕ್ಕ. ಬಸ್ಸಲ್ಲಿ ಯಾರೋ ಜೇಬಿಂದ ಮೊಬೈಲ್ ಎತ್ತಿದ್ರು ಅನ್ಕೊಳ್ಳಿ, ಸ್ಟೇಷನ್‌ಗೆ ಹೋದ್ರೆ "ಕದ್ರು ಅಂತ ಯಾಕೆ, ಕಳೆದುಹೋಗಿದೆ ಅಂತ ಬರ್ಕೊಡಿ, ಡೂಪ್ಲಿಕೇಟ್ ಸಿಮ್‌ಗೆ ಅಷ್ಟು ಸಾಕು" ಅಂತಾರೆ, ನಮಗೂ ಕೋರ್ಟು ಕಚೇರಿ ಬೇಡ ಅನ್ಸುತ್ತೆ, ಸೈನ್ ಹಾಕಿ ಬರ್ತೀವಿ, ಅಲ್ಲಿಗೆ ಆ ಕಳ್ಳತನ ದೇಶದ ಲೆಕ್ಕದಿಂದ ಮಾಯ. 2017ರಲ್ಲಿ ಐಡಿಎಫ್‌ಸಿ ಇನ್‌ಸ್ಟಿಟ್ಯೂಟ್ ಅನ್ನೋ ಸಂಶೋಧನಾ ಸಂಸ್ಥೆಯವರು ಬೆಂಗಳೂರು, ಚೆನ್ನೈ, ಮುಂಬೈ, ದೆಹಲಿಲಿ ಮನೆಮನೆಗೆ ಹೋಗಿ ಕೇಳಿದಾಗ ಕಳ್ಳತನ ಆದವರಲ್ಲಿ ಎಫ್‌ಐಆರ್ ತನಕ ಹೋದವರು ನೂರಕ್ಕೆ ಹತ್ತು ಜನನೂ ಇರ್ಲಿಲ್ಲ!

ಹಾಗಾಗಿ ಗ್ರಾಫ್ ಎಲ್ಲಿ ಎಗರಿದೆಯೋ ಆ ವರ್ಷ ದೂರು ಕೊಡೋ ದಾರಿ ಏನಾದ್ರೂ ಬದಲಾಯ್ತಾ ಅಂತ ಮೊದಲು ಹುಡುಕಿ. 2013ರ ನವೆಂಬರ್‌ನಲ್ಲಿ ಲಲಿತಾ ಕುಮಾರಿ ಕೇಸಲ್ಲಿ ಸುಪ್ರೀಂ ಕೋರ್ಟ್, ಕಳ್ಳತನದಂಥ ಅಪರಾಧದ ದೂರು ಬಂದ್ರೆ ಪೊಲೀಸರು ಎಫ್‌ಐಆರ್ ಹಾಕ್ಲೇಬೇಕು ಅಂದಿತು. ದೆಹಲಿ ಪೊಲೀಸರು ಕಳ್ಳತನಕ್ಕೆ ಆನ್‌ಲೈನ್ ಎಫ್‌ಐಆರ್ ಶುರು ಮಾಡಿದ ಮೇಲೆ ಅಲ್ಲಿನ ನಂಬರ್ ಸಿಕ್ಕಾಪಟ್ಟೆ ಏರ್ತು. ಕಳ್ಳರು ಒಂದೇ ವರ್ಷದಲ್ಲಿ ಡಬಲ್ ಆಗ್ಬಿಟ್ರಾ? ದೂರು ಕೊಡೋದು ಸಲೀಸಾಯ್ತು ಅಷ್ಟೇ. ನನ್ನ ಕೇಳಿದ್ರೆ ನಂಬರ್ ತೀರಾ ಕಮ್ಮಿ ಇರೋ ರಾಜ್ಯದ ಮೇಲೇ ಜಾಸ್ತಿ ಅನುಮಾನ ಪಡಬೇಕು.

2020 ಲಾಕ್‌ಡೌನ್ ವರ್ಷ, ಎಲ್ಲರೂ ಮನೇಲೇ ಇದ್ರು, ಕಳ್ಳತನದ ಕೇಸ್ ಧಡಾರ್ ಅಂತ ಬಿತ್ತು. ಅದಕ್ಕೆ ಹೋಲಿಸಿದ್ರೆ 2021, 2022 ಏರಿಕೆ ಥರಾನೇ ಕಾಣುತ್ತೆ, 2019ರ ಪಕ್ಕ ಇಟ್ಟು ನೋಡಿ. ಒಟ್ಟು ಕೇಸ್ ಬಿಟ್ಟು ಲಕ್ಷ ಜನಕ್ಕೆ ಎಷ್ಟು ಅನ್ನೋ ರೇಟ್ ತಗೊಳ್ಳಿ, ಅದ್ರಲ್ಲೂ ಲೆಕ್ಕಕ್ಕೆ ತಗೊಳ್ಳೋ ಜನಸಂಖ್ಯೆ 2011ರ ಜನಗಣತಿ ಮೇಲೆ ಕಟ್ಟಿದ ಅಂದಾಜು.

ಒಂದೇ ಎಫ್‌ಐಆರಲ್ಲಿ ಎರಡು ಮೂರು ಅಪರಾಧ ಇದ್ರೆ ದೊಡ್ಡದನ್ನ ಮಾತ್ರ ಎಣಿಸ್ತಾರೆ, ಕದಿಯೋಕೆ ಬಂದವನು ಮನೆಯವರನ್ನ ಕೊಂದ್ರೆ ಅದು ಕೊಲೆ ಲೆಕ್ಕಕ್ಕೆ ಹೋಗುತ್ತೆ. ಪೇಪರಲ್ಲಿ ಸುಲಿಗೆಗೂ ದರೋಡೆ ಅಂತಾರೆ, ಕಾನೂನಲ್ಲಿ ದರೋಡೆ, ಅಂದ್ರೆ ಡಕಾಯಿತಿ, ಅನ್ನೋಕೆ ಕನಿಷ್ಠ 5 ಜನ ಬೇಕು. ಆ ಡಕಾಯಿತಿ ನಿಜಕ್ಕೂ ಇಳಿದಿದೆ, 1980ರ ದಶಕದಲ್ಲಿ ವರ್ಷಕ್ಕೆ ಹತ್ತು ಸಾವಿರ ದಾಟ್ತಿತ್ತು, ಈಗ ಐದು ಸಾವಿರದ ಒಳಗೆ. 2024ರ ಜುಲೈ 1ರಿಂದ ಹಳೇ ಐಪಿಸಿ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದು ಸರಗಳ್ಳತನದಂಥ ಕಿತ್ಕೊಂಡು ಓಡೋ ಕೇಸಿಗೆ 304 ಅಂತ ಬೇರೇ ಸೆಕ್ಷನ್ ಆಗಿದೆ, ಆದ್ರಿಂದ ಅಲ್ಲಿಂದ ಮುಂದಿನ ಸಾಲನ್ನ ಹಳೇದಕ್ಕೆ ಹಂಗೇ ಅಂಟಿಸ್ಬೇಡಿ.

"ಇಷ್ಟು ಕೋಟಿ ಮಾಲು ಕಳವು" ಅನ್ನೋ ಟೇಬಲ್ಲೂ ಮೋಸ ಮಾಡುತ್ತೆ, ಚಿನ್ನದ ರೇಟ್ ಏರಿದ್ರೆ ಅದೇ ಎರಡೆಳೆ ಸರ ಕದ್ರೂ ಮೊತ್ತ ಜಾಸ್ತಿ. ಇನ್ನು ಓಟಿಪಿ ಕೇಳಿ ಅಕೌಂಟ್ ಖಾಲಿ ಮಾಡೋರು ಕಳ್ಳತನದ ಕಾಲಮ್ಮಲ್ಲಿ ಬರೋದೇ ಇಲ್ಲ, ಅದು ವಂಚನೆ, ಸೈಬರ್ ಅಧ್ಯಾಯ, ಅದನ್ನೂ ತೆಗೆದು ಪಕ್ಕದಲ್ಲಿ ಇಟ್ಕೊಳ್ಳಿ.

ಟೈಮ್ ಇಲ್ಲ, ಒಂದೇ ಒಂದು ಸಾಲು ನೋಡ್ತೀನಿ ಅನ್ನೋರು ವಾಹನ ಕಳವಿನ ಸಾಲು ನೋಡಿ. ಎಫ್‌ಐಆರ್ ಇಲ್ದೆ ಇನ್ಶೂರೆನ್ಸ್ ಕ್ಲೇಮ್ ಆಗಲ್ಲ, ಹಾಗಾಗಿ ಬೈಕ್ ಕಳ್ಕೊಂಡವರು ಬಿಡದೆ ಸ್ಟೇಷನ್ ಸುತ್ತಿ ದೂರು ಹಾಕಿಸ್ತಾರೆ.