ಒಪ್ಪಿಗೆ ಪತ್ರಕ್ಕೆ ನಾನು ಸಹಿ ಹಾಕಿದ್ದು

"ಅವ್ವಾ, ನಾ ಮಿಲ್ಟ್ರಿಗೆ ಹೋಗ್ತೀನಿ."

2023ರ ಜನವರಿಯ ಒಂದು ಸಂಜೆ ಮಗ ಈ ಮಾತು ಹೇಳಿದಾಗ ಗಿರಣಿ ಓಡುತ್ತಿತ್ತು. ಧಾರವಾಡದ ಹತ್ತಿರ ನಮ್ಮದೊಂದು ಹಳ್ಳಿ. ಅಲ್ಲಿ ಹಿಟ್ಟಿನ ಗಿರಣಿ ನಡೆಸುವವಳು ನಾನು. ಬೆಲ್ಟಿನ ಸದ್ದಿನಲ್ಲಿ ಸರಿಯಾಗಿ ಕೇಳಿಸಲಿಲ್ಲವೇನೋ ಎಂದು ಮೋಟರ್ ಬಂದ್ ಮಾಡಿದೆ. ಅವನು ಮತ್ತೆ ಅದನ್ನೇ ಹೇಳಿದ. ಆಗ ಪಿಯುಸಿ ಮೊದಲ ವರ್ಷದಲ್ಲಿದ್ದ. ಹದಿನೇಳು ತುಂಬಲು ಇನ್ನೂ ಎರಡು ತಿಂಗಳಿತ್ತು.

"ನಾ ಸತ್ತ ಮ್ಯಾಲೆ ಹೋಗು" ಅಂದುಬಿಟ್ಟೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇದನ್ನು ಓದುವ ಇನ್ನೊಬ್ಬ ತಾಯಿಗೆ, ನಾನು ಮೊದಲಿನಿಂದಲೂ ಗಟ್ಟಿಯಾಗಿದ್ದೆ ಅನ್ನಿಸಬಾರದು.

ನಮ್ಮ ಕಡೆಯವರ ಅಂಜಿಕೆಗೆ ಕಾರಣವೂ ಇದೆ. ಕುಂದಗೋಳ ತಾಲ್ಲೂಕಿನ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ಯಾರು ಮರೆತಿದ್ದಾರೆ? 2016ರ ಫೆಬ್ರುವರಿಯಲ್ಲಿ ಸಿಯಾಚಿನ್‌ನಲ್ಲಿ ಹಿಮ ಕುಸಿಯಿತು. ಆರು ದಿನ ಅದರಡಿ ಇದ್ದವರು ಜೀವಂತ ಸಿಕ್ಕರು. ಫೆಬ್ರುವರಿ 11ರಂದು ದೆಹಲಿಯಲ್ಲಿ ತೀರಿಕೊಂಡರು. ಆ ದಿನಗಳಲ್ಲಿ ನಮ್ಮೂರ ಗುಡಿಯಲ್ಲೂ ದೀಪ ಹಚ್ಚಿದ್ದೆವು. ಮಗ ಆಗ ಇನ್ನೂ ಚಿಕ್ಕವನು. ನಾನೇ ಕೈ ಹಿಡಿದು ಕರೆದುಕೊಂಡು ಹೋಗಿದ್ದೆ. ಏಳು ವರ್ಷದ ಮೇಲೆ ಅವನು ಹೇಳಿದ, "ಅವತ್ತs ಅನಿಸಿತ್ತು ಅವ್ವಾ." ನಾನು ಅಲ್ಲಿ ಒಬ್ಬ ತಾಯಿಯ ಸಂಕಟ ಕಂಡಿದ್ದೆ. ಅವನು ಒಬ್ಬ ಮನುಷ್ಯನ ಗಟ್ಟಿತನ ಕಂಡಿದ್ದ.

ಮೊದಲ ಎರಡು ತಿಂಗಳು ನಾನು ಮಾಡಿದ್ದೆಲ್ಲ ತಪ್ಪೇ. ಕಣ್ಣೀರು ಹಾಕಿದೆ, ಊಟ ಬಿಟ್ಟೆ, ಅವನ ಅಕ್ಕನ ಕಡೆಯಿಂದ ಹೇಳಿಸಿದೆ. ಅವನು ನಸುಕಿನಲ್ಲಿ ನಾಲ್ಕೂವರೆಗೆ ಅಲಾರಂ ಇಟ್ಟು ಹೈಸ್ಕೂಲ್ ಮೈದಾನಕ್ಕೆ ಓಡಲು ಹೋಗುತ್ತಿದ್ದ. ಒಂದು ರಾತ್ರಿ ಆ ಅಲಾರಂ ನಾನು ಆಫ್ ಮಾಡಿಟ್ಟೆ. ಬೆಳಗ್ಗೆ ಎದ್ದು ಮೊಬೈಲ್ ನೋಡಿದ. ನನ್ನ ಮುಖ ನೋಡಿದ. ಏನೂ ಅನ್ನಲಿಲ್ಲ. ಆ ದಿನ ಪೂರ್ತಿ ಗಿರಣಿಯಲ್ಲಿ ಜೋಳ ಸುರಿಯುತ್ತ ನನಗೆ ಒಂದೇ ಯೋಚನೆ: ಜಗಳ ಆಡಿದ್ದರೂ ಚೆನ್ನಾಗಿತ್ತು, ಇವನು ನನ್ನ ಹತ್ತಿರ ಮಾತು ನಿಲ್ಲಿಸುತ್ತಿದ್ದಾನೆ.

ಅವತ್ತು ರಾತ್ರಿ ಅವನ ಪಕ್ಕ ಕೂತು ನಿಜ ಹೇಳಿದೆ. "ನನಗ ಅಂಜಿಕಿ ಆಗ್ತದ. ಬ್ಯಾರೆ ಏನೂ ಇಲ್ಲ." ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದ, "ಅಂಜಿಕಿ ನನಗೂ ಐತಿ. ಆದ್ರ ನೀ ಬರೇ ಬ್ಯಾಡ ಅಂತೀದಿ. ನಾ ಯಾರ ಮುಂದ ಹೇಳ್ಕೊಳ್ಳಲಿ?"

ನಮ್ಮ ಓಣಿಯಲ್ಲೇ ಒಬ್ಬರು ನಿವೃತ್ತ ಹವಾಲ್ದಾರರಿದ್ದಾರೆ. ಹದಿನೇಳು ವರ್ಷ ಸರ್ವಿಸ್ ಮಾಡಿ ಬಂದವರು. ಕಾಕಾ ಅಂತಲೇ ಕರೆಯುತ್ತೇವೆ. ಇಷ್ಟು ವರ್ಷ ಅವರ ಹಿಟ್ಟು ಬೀಸಿ ಕೊಟ್ಟಿದ್ದೆ. ಆದರೆ ಅವರ ಕೆಲಸದ ಬಗ್ಗೆ ಒಂದು ಮಾತೂ ಕೇಳಿರಲಿಲ್ಲ. ಮರುದಿನ ಹೋಗಿ ಕೂತೆ. ಗಡಿ, ಗುಂಡು, ಹಿಮ ಅಂತ ಒಂದರ ಮೇಲೊಂದು ಕೇಳಿದೆ. ಅವರು ಚಹಾ ಮುಂದಿಟ್ಟು ಹೇಳಿದರು, "ತಂಗಿ, ನೀ ಬರೇ ಸಾಯೋದನ್ನ ಕೇಳಾಕತ್ತೀದಿ. ಅಲ್ಲಿ ಬದುಕೋದನ್ನೂ ಒಂದಿಷ್ಟು ಕೇಳು."

ಆಮೇಲೆ ಹೇಳುತ್ತಾ ಹೋದರು. ನಸುಕಿನ ಪಿಟಿ, ಲಂಗರ್ ಅನ್ನುವ ಅಡುಗೆಮನೆಯ ಊಟ, ತರಬೇತಿ ಕೊಡುವ ಉಸ್ತಾದರ ರಗಡಾ ಅನ್ನುವ ಶಿಕ್ಷೆಯ ಕಸರತ್ತು, ಹಬ್ಬ ಬಂದರೆ ಎಲ್ಲ ಧರ್ಮದವರೂ ಒಟ್ಟಿಗೆ ಸೇರುವುದು, ಫೀಲ್ಡ್ ಪೋಸ್ಟಿಂಗ್ ಮುಗಿದರೆ ಗಡಿಯಿಂದ ದೂರದ ಪೀಸ್ ಸ್ಟೇಷನ್ ಸಿಗುವುದು, ಅಡುಗೆ ಮಾಡುವವನಿಂದ ಹಿಡಿದು ವಾಹನ ರಿಪೇರಿಯವನವರೆಗೆ ಎಷ್ಟು ಬಗೆಯ ಕೆಲಸಗಳಿವೆ ಅನ್ನುವುದು. ಗೆಳೆಯರನ್ನು ಕಳೆದುಕೊಂಡದ್ದನ್ನೂ ಮುಚ್ಚಿಡದೆ ಹೇಳಿದರು. ಅದಕ್ಕೇ ಅವರ ಉಳಿದ ಮಾತನ್ನೂ ನಂಬಿದೆ.

ಮನೆಗೆ ಬಂದು ಗಿರಣಿ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ನನ್ನ ಅಂಜಿಕೆಗಳನ್ನೆಲ್ಲ ಬರೆದೆ. ನನಗೆ ಎಲ್ಲಕ್ಕಿಂತ ಜಾಸ್ತಿ ಸಹಾಯವಾದದ್ದು ಇದೇ. ಜೀವಕ್ಕೆ ಏನಾದರೂ ಆದರೆ? ಕೈಕಾಲು ಹೋದರೆ? ನಾಲ್ಕು ವರ್ಷ ಆದಮೇಲೆ ಮನೆಗೆ ಕಳಿಸಿದರೆ? ಪಿಯುಸಿ ಅರ್ಧಕ್ಕೆ ನಿಂತರೆ? ಹಿಂದಿ ಬರದೆ ಒಂಟಿಯಾದರೆ? ಕುಡಿಯಲು ಕಲಿತರೆ? ಒಟ್ಟು ಒಂಬತ್ತೋ ಹತ್ತೋ ಆದವು. ಬರೆದ ಮೇಲೆ ನೋಡಿದರೆ ನನ್ನ ಕೈಯಲ್ಲಿ ಏನೂ ಇಲ್ಲದವು ಎರಡೇ. ಉಳಿದವಕ್ಕೆ ಕೇಳಿ ತಿಳಿಯಬಹುದು, ತಯಾರಿ ಮಾಡಬಹುದು. ಅಲ್ಲಿಯವರೆಗೆ ಎಲ್ಲ ಸೇರಿ ಒಂದೇ ಕಲ್ಲಾಗಿ ಎದೆ ಮೇಲೆ ಕೂತಿದ್ದವು.

ಅಗ್ನಿಪಥ ಯೋಜನೆಯ ವಿವರಗಳನ್ನು ಮಗಳು ಮೊಬೈಲ್‌ನಲ್ಲಿ ತೆಗೆದು ಓದಿ ಹೇಳಿದಳು. 2022ರ ಜೂನ್‌ನಲ್ಲಿ ಸೈನ್ಯಕ್ಕೆ ಹುಡುಗರನ್ನು ಸೇರಿಸಿಕೊಳ್ಳಲು ಬಂದ ಯೋಜನೆ ಅದು. ಸೇರಿದವರಿಗೆ ಅಗ್ನಿವೀರ ಅನ್ನುತ್ತಾರೆ. ತರಬೇತಿಯೂ ಸೇರಿ ನಾಲ್ಕು ವರ್ಷದ ಸೇವೆ. ಮೊದಲ ವರ್ಷ ತಿಂಗಳಿಗೆ 30,000. ಅದರಲ್ಲಿ 9,000 ಸೇವಾನಿಧಿ ಅನ್ನುವ ಉಳಿತಾಯಕ್ಕೆ ಹೋಗಿ ಕೈಗೆ 21,000. ನಾಲ್ಕನೇ ವರ್ಷಕ್ಕೆ ಸಂಬಳ 40,000 ಆಗುತ್ತದೆ. ಸೇವಾನಿಧಿಗೆ ಸರ್ಕಾರವೂ ಅಷ್ಟೇ ಸೇರಿಸುತ್ತದೆ. ಕೊನೆಗೆ ಬಡ್ಡಿ ಸೇರಿ ಸುಮಾರು 11.71 ಲಕ್ಷ. ಪಿಂಚಣಿ ಇಲ್ಲ. ನಾಲ್ವರಲ್ಲಿ ಒಬ್ಬರನ್ನಷ್ಟೇ ಮುಂದಕ್ಕೆ ಉಳಿಸಿಕೊಳ್ಳುತ್ತಾರೆ. ವಿಮೆ 48 ಲಕ್ಷ. ಆ ಸಾಲಿಗೆ ಬಂದಾಗ ಮಗಳಿಗೆ ಸಾಕು ನಿಲ್ಲಿಸು ಅಂದೆ. ಅವತ್ತು ಮುಂದೆ ಓದಲು ಆಗಲಿಲ್ಲ.

ನನ್ನ ಗಂಡನಿಗೆ ಅಂಜಿಕೆಗಿಂತ ಸಿಟ್ಟು ಜಾಸ್ತಿ ಇತ್ತು. "ನಾಲ್ಕು ವರ್ಷ ದುಡಿಸಿ ಕಳಸ್ತಾರ, ಇಪ್ಪತ್ತೊಂದಕ್ಕ ಮತ್ತ ಖಾಲಿ ಕೂಡಬೇಕೇನು?" ಅವರ ಪ್ರಶ್ನೆ ನ್ಯಾಯವಾದದ್ದು. ಇವತ್ತಿಗೂ ನನಗೆ ಅದು ನ್ಯಾಯವೇ ಅನಿಸುತ್ತದೆ. ಅದಕ್ಕೇ ಮಗನಿಗೆ ಹೇಳಿದೆ: ಹೋಗುವುದಾದರೆ ಐದನೇ ವರ್ಷದ ಮಾತೂ ಈಗಲೇ ಆಗಬೇಕು. ಹತ್ತನೇ ತರಗತಿ ಮುಗಿಸಿ ಸೇರಿದವರಿಗೆ ಎನ್‌ಐಒಎಸ್ ಅನ್ನುವ ಮುಕ್ತ ಶಾಲೆಯ ಮೂಲಕ ಹನ್ನೆರಡನೇ ತರಗತಿ ಮುಗಿಸುವ ದಾರಿ ಇದೆ. ಇಗ್ನೋ ಮುಕ್ತ ವಿಶ್ವವಿದ್ಯಾಲಯದಲ್ಲಿ ಅಗ್ನಿವೀರರಿಗೆಂದೇ ಪದವಿ ಇದೆ, ಸೇವೆಯಲ್ಲಿ ಕಲಿತದ್ದಕ್ಕೆ ಅರ್ಧ ಕ್ರೆಡಿಟ್ ಸಿಗುತ್ತದೆ. ಅರೆಸೇನಾ ಪಡೆಗಳಲ್ಲಿ ಮೀಸಲಾತಿ ಘೋಷಿಸಿದ್ದಾರೆ. ಇದನ್ನೆಲ್ಲ ಅವನೇ ಅಪ್ಪನ ಮುಂದೆ ಕೂತು ವಿವರಿಸಬೇಕು ಅಂತ ಷರತ್ತು ಹಾಕಿದೆ. ವಿವರಿಸಿದ. ಅಪ್ಪ ಒಪ್ಪಲಿಲ್ಲ, ಆದರೆ ಪೂರ್ತಿ ಕೇಳಿದರು. ನಮ್ಮ ಮನೆಯಲ್ಲಿ ಅದೇ ದೊಡ್ಡದು.

ಅಲಾರಂ ಆಫ್ ಮಾಡಿದ ನಾನೇ ಆಮೇಲೆ ಮೈದಾನದಲ್ಲಿ ಸ್ಟಾಪ್‌ವಾಚ್ ಹಿಡಿದು ಕೂರಲು ಶುರು ಮಾಡಿದೆ. ಭರ್ತಿಗೆ 1.6 ಕಿಲೋಮೀಟರ್ ಓಟ. 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಿದರೆ 60 ಅಂಕ, 5 ನಿಮಿಷ 45 ಸೆಕೆಂಡಾದರೆ 48. ಬೀಮ್, ಅಂದರೆ ಕಂಬಿ ಹಿಡಿದು ಮೈ ಮೇಲೆಳೆಯುವುದು, ಹತ್ತು ಎಳೆದರೆ 40 ಅಂಕ. ಜೊತೆಗೆ 9 ಅಡಿ ಹಳ್ಳದ ಜಿಗಿತ. ಮೊದಲ ದಿನ ಅವನ ಟೈಮು ಆರೂವರೆ ನಿಮಿಷ. ಮನಸ್ಸಿನ ಒಂದು ಮೂಲೆಯಲ್ಲಿ ಇವನಿಗೆ ಇದು ಆಗದಿರಲಿ ಅಂತ ಆಸೆ ಇತ್ತು. ಆದರೆ ಅವನು ಉಬ್ಬಸಪಡುತ್ತ ಬಂದು "ಎಷ್ಟಾತು ಅವ್ವಾ?" ಅಂತ ಕೇಳುವಾಗ ನನ್ನ ಕಾಲೂ ಅವನ ಜೊತೆ ಓಡುತ್ತಿತ್ತು.

ನಡುವೆ ಪಟ್ಟಣದ ಒಂದು ಕೋಚಿಂಗ್ ಅಕಾಡೆಮಿಗೆ ದುಡ್ಡು ಕಟ್ಟಿ ಸೇರಿಸಿದೆವು. ಮೊಣಕಾಲಿನ ಕೆಳಗೆ ಎಲುಬು ನೋಯುತ್ತದೆ ಅಂದರೂ ಓಡಿಸಿದರು. ನೋವು ಹೇಳಿಕೊಳ್ಳುವವನು ಸೈನಿಕ ಆಗಲ್ಲ ಅಂತ ಬೈದರಂತೆ. ಮೂರು ವಾರ ಕುಂಟಿದ. ದುಡ್ಡು ಹೋದರೆ ಹೋಗಲಿ ಅಂತ ಬಿಡಿಸಿ, ಕಾಕಾ ಹೇಳಿದಂತೆ ವಿಶ್ರಾಂತಿ ಕೊಟ್ಟು ಮತ್ತೆ ನಿಧಾನಕ್ಕೆ ಶುರು ಮಾಡಿದೆವು. ಮಕ್ಕಳನ್ನು ಇಂಥ ಕಡೆ ಸೇರಿಸುವವರು ಸುಮ್ನೆ ಫೀಸ್ ಕಟ್ಟಿ ಬರಬೇಡಿ. ಒಂದು ಬೆಳಗ್ಗೆ ನೀವೇ ಹೋಗಿ ನಿಂತು ನೋಡಿ.

ಆನ್‌ಲೈನ್ ಪರೀಕ್ಷೆ ಆಗ ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ ಇತ್ತು. ಕನ್ನಡ ಸೇರಿದ್ದು 2025ರಲ್ಲಿ. ಕನ್ನಡ ಮಾಧ್ಯಮದ ನಮ್ಮ ಹುಡುಗನಿಗೆ ಓಟಕ್ಕಿಂತ ಅದೇ ಕಷ್ಟವಾಯಿತು. ಅಕ್ಕ ರಾತ್ರಿ ಕೂತು ಓದಿಸಿದಳು. ಪಾಸಾದ. ಪಕ್ಕದ ಜಿಲ್ಲೆಯ ಸೈನ್ಯ ಭರ್ತಿ ರ‍್ಯಾಲಿಯಲ್ಲಿ 5 ನಿಮಿಷ 24 ಸೆಕೆಂಡಿಗೆ ಓಡಿದ. ಮೆಡಿಕಲ್‌ಗೆ ಮೊದಲು ಕಿವಿ ಸ್ವಚ್ಛ ಮಾಡಿಸಿಕೊಂಡು ಹೋಗು ಅಂತ ಕಾಕಾ ಹೇಳಿದ್ದು ಒಳ್ಳೆಯದೇ ಆಯಿತು. ಇವನ ಜೊತೆಯ ಹುಡುಗನೊಬ್ಬ ಕಿವಿಯ ಗುಗ್ಗೆಯಿಂದಲೇ ಮತ್ತೆ ಅಲೆಯಬೇಕಾಯಿತು. ಲಕ್ಷ ಕೊಟ್ಟರೆ ಮೆಡಿಕಲ್ ಪಾಸ್ ಮಾಡಿಸುತ್ತೇನೆ ಅಂತ ಒಬ್ಬ ಫೋನ್ ಮಾಡಿದ್ದ. ಅಂಥವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಇನ್ನು ಸಹಿಯ ಮಾತು. 18 ತುಂಬದವರಿಗೆ ಹೆತ್ತವರ ಒಪ್ಪಿಗೆ ಬೇಕು. ರ‍್ಯಾಲಿಗೆ ಮೊದಲು ಆ ಕಾಗದ ಮನೆಗೆ ಬಂತು. ಗಂಡ ಅದನ್ನು ನನ್ನ ಕಡೆ ಸರಿಸಿ "ನನ್ನ ಕೈ ಏಳೂದಿಲ್ಲ, ನೀನs ಮಾಡು" ಅಂದರು. ಎರಡು ರಾತ್ರಿ ಅದು ದೇವರ ಜಗುಲಿ ಮೇಲೆ ಇತ್ತು. ಓಣಿಯವರು "ಒಬ್ಬನೇ ಮಗನ್ನ ಕಳಿಸ್ತೀಯೇನ?" ಅಂತ ಕೇಳಿ ಕೇಳಿ ಸಾಕು ಮಾಡಿದ್ದರು. ಇಬ್ಬರು ಗಂಡುಮಕ್ಕಳಿದ್ದವರಿಗೆ ಒಬ್ಬ ಹೋದರೆ ನೋವು ಅರ್ಧ ಆಗುತ್ತದೆಯೇ?

ನಾನು ಹಾಕಿದ ಲೆಕ್ಕ ಇಷ್ಟೇ. ಮುಂದಿನ ಮಾರ್ಚ್‌ಗೆ ಅವನಿಗೆ ಹದಿನೆಂಟು. ಆಮೇಲೆ ನನ್ನ ಸಹಿ ಯಾರಿಗೂ ಬೇಡ. ಈಗ ಬೇಡ ಅಂದರೆ ನನಗೆ ಸಿಗುವುದು ಕೆಲವು ತಿಂಗಳು. ಆಮೇಲೆ ಅವನು ಅವ್ವನ ಮಾತು ಮೀರಿ ಬಂದವನಾಗಿ ಹೋಗುತ್ತಾನೆ. ಕಾಲು ನೋವಾದರೂ ಹೇಳಲ್ಲ, ಅಂಜಿಕೆ ಆದರೂ ಹೇಳಲ್ಲ. ನಾನು ಅವನ ಕಡೆಯವಳಾಗಿ ಉಳಿಯಬೇಕಿತ್ತು. ಮೂರನೇ ದಿನ ಬೆಳಗ್ಗೆ ಸ್ನಾನ ಮಾಡಿ ಸಹಿ ಹಾಕಿದೆ. ಏನಾದರೂ ಆದರೆ ಸಹಿ ಹಾಕಿದವಳು ನೀನೇ ಅಂತ ಮನಸ್ಸು ಅಂದಿತು. ಹೌದು, ನಾನೇ ಅಂತ ಅದಕ್ಕೆ ಹೇಳಿದೆ. ಆ ಮಾತು ಈಗಲೂ ಒಮ್ಮೊಮ್ಮೆ ಬರುತ್ತದೆ. ಈಗಲೂ ಅದೇ ಉತ್ತರ ಕೊಡುತ್ತೇನೆ.

2023ರ ಕೊನೆಗೆ ಕಪ್ಪು ಟ್ರಂಕ್ ಹಿಡಿದು ಹೊರಟ. ಸಿಕ್ಕಿದ್ದು ಬೆಳಗಾವಿಯ ಮರಾಠಾ ಲಘು ಪದಾತಿ ದಳದ ತರಬೇತಿ ಕೇಂದ್ರ. ಧಾರವಾಡದಿಂದ ಬಸ್ಸಿನಲ್ಲಿ ಎರಡು ತಾಸು. ಅಷ್ಟು ಹತ್ತಿರ ಇದ್ದೂ ನೋಡುವ ಹಾಗಿಲ್ಲ ಅನ್ನುವುದು ನನಗೆ ದೂರಕ್ಕಿಂತ ಕಷ್ಟವಾಯಿತು. ಮೊಬೈಲ್ ಅವರ ಕೈಗೆ ಸಿಗುವುದು ಅಪರೂಪ. ಭಾನುವಾರ ಬರುವ ಐದು ನಿಮಿಷದ ಫೋನಿಗೆ ವಾರವೆಲ್ಲ ಕಾಯುತ್ತಿದ್ದೆ. ಬಂದಾಗ ನಾನು ಅಳುತ್ತಿದ್ದೆ, ಐದು ನಿಮಿಷ ಅದರಲ್ಲೇ ಮುಗಿಯುತ್ತಿತ್ತು. ಆಮೇಲೆ ಬೇರೆ ದಾರಿ ಹಿಡಿದೆ. ವಾರದಲ್ಲಿ ನಡೆದದ್ದನ್ನು ಲೆಕ್ಕದ ಪುಸ್ತಕದಲ್ಲೇ ಬರೆದಿಡುವುದು: ಎಮ್ಮೆ ಈಯಿತು, ಕಡಲೆಗೆ ಕೀಡೆ ಬಿದ್ದಿದೆ, ಅಕ್ಕನ ರಿಸಲ್ಟ್ ಬಂತು. ಫೋನ್ ಬಂದರೆ ಅದನ್ನು ಓದುವುದು. ಅಳುವುದಿದ್ದರೆ ಫೋನ್ ಇಟ್ಟ ಮೇಲೆ. ಒಂದು ಭಾನುವಾರ ಅವನು ಕೇಳಿದ, "ಗಿರಣಿ ಸಪ್ಪಳ ಯಾಕ ಇಲ್ಲ? ಬಂದ್ ಮಾಡೀಯೇನ? ಚಾಲೂ ಇಡು ಅವ್ವಾ, ಕೇಳಲಿಕ್ಕ ಬೇಕು." ಅಂದಿನಿಂದ ಫೋನ್ ಬಂದರೆ ಮೋಟರ್ ಓಡುತ್ತಲೇ ಇರುತ್ತದೆ. ಜೋರಾಗಿ ಮಾತಾಡುತ್ತೇವೆ.

2024ರಲ್ಲಿ ತರಬೇತಿ ಮುಗಿದವರು ಪ್ರಮಾಣ ಮಾಡುವ ಕಸಮ್ ಪರೇಡ್‌ಗೆ ಹೋದೆವು. ಸಾಲಿನಲ್ಲಿ ಎಲ್ಲರೂ ಒಂದೇ ಥರ ಕಂಡರು. ನನ್ನ ಮಗ ಯಾರು ಅಂತ ಗೊತ್ತಾಗಲಿಲ್ಲ, ಗಾಬರಿಯಾಯಿತು. ಗಂಡ ಗುರುತಿಸಿದರು. "ಎಡಗೈ ಬೀಸೋದು ನೋಡು, ಅಂವನ." ಪರೇಡ್ ಆದಮೇಲೆ ಹೆತ್ತವರ ಎದೆಗೆ ಗೌರವ ಪದಕ ಚುಚ್ಚಿದರು. ಸಹಿಗೆ ಕೈ ಏಳದ ಮನುಷ್ಯ ಆ ಪದಕ ತೆಗೆಯದೆ ಬಸ್ಸಿನಲ್ಲಿ ಊರಿನ ತನಕ ಬಂದರು. ನನ್ನದನ್ನು ಜಗುಲಿ ಮೇಲೆ ಇಟ್ಟಿದ್ದೇನೆ, ಆ ಕಾಗದ ಇಟ್ಟಿದ್ದ ಜಾಗದಲ್ಲೇ.

ಪೋಸ್ಟಿಂಗ್ ಆದಮೇಲೆ ವಿಳಾಸದಲ್ಲಿ ಊರ ಹೆಸರೇ ಇರಲಿಲ್ಲ. ಯುನಿಟ್ ಹೆಸರು, 56 ಎಪಿಒ ಅನ್ನುವ ಸೈನ್ಯದ ಅಂಚೆ ನಂಬರು, ಅಷ್ಟೇ. ಎಲ್ಲಿದ್ದಾನೆ ಅಂತ ಕೇಳುವುದನ್ನೂ, ಓಣಿಯಲ್ಲಿ ಹೇಳುವುದನ್ನೂ ಬಿಟ್ಟೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಸ್ಪೀಡ್ ಪೋಸ್ಟ್ ಮಾಡಿದರೆ ಹೋಗಿ ಮುಟ್ಟುತ್ತದೆ. ರೊಟ್ಟಿ ಪುಡಿಯಾಗಿ ಮುಟ್ಟಿದರೂ ಎಲ್ಲರೂ ಚಮಚದಲ್ಲಿ ತಿಂದರಂತೆ.

ಎಲ್ಲಕ್ಕಿಂತ ಕಷ್ಟದ ದಿನಗಳು 2025ರ ಮೇ 7ರಿಂದ 10. ಆಪರೇಷನ್ ಸಿಂಧೂರದ ಆ ನಾಲ್ಕು ದಿನ ಅವನ ಫೋನ್ ಇರಲಿಲ್ಲ. ಮೊದಲ ದಿನ ಪೂರ್ತಿ ಟಿವಿ ಮುಂದೆ ಕೂತೆ. ಒಂದೊಂದು ಚಾನೆಲ್ ಒಂದೊಂದು ಹೇಳುತ್ತಿತ್ತು. ಮೈ ನಡುಗುತ್ತಿತ್ತು. ರಾತ್ರಿ ಕಾಕಾ ಬಂದು ಕೇಬಲ್ ತಂತಿಯನ್ನೇ ಕಿತ್ತರು. "ಸುದ್ದಿ ಇದ್ರ ಮನಿಗೇ ಬರ್ತದ ತಂಗಿ. ಇದ್ರಾಗ ಬರೂದು ಸುದ್ದಿ ಅಲ್ಲ." ಮರುದಿನದಿಂದ ಗಿರಣಿ ಮುಂಜಾನೆ ಆರಕ್ಕೆ ತೆಗೆದು ರಾತ್ರಿ ಒಂಬತ್ತಕ್ಕೆ ಮುಚ್ಚಿದೆ. ಕೈಗೆ ಕೆಲಸ ಬೇಕಿತ್ತು. ಆ ವಾರವೇ ಆಂಧ್ರದ ಅಗ್ನಿವೀರ ಮುರಳಿ ನಾಯಕ್ ಕಾಶ್ಮೀರದಲ್ಲಿ ಹುತಾತ್ಮನಾದ ಸುದ್ದಿ ಬಂತು. ಆ ತಾಯಿಯನ್ನು ನಾನು ನೋಡಿಲ್ಲ. ನಾವಿಬ್ಬರೂ ಒಂದೇ ಥರದ ಕಾಗದಗಳನ್ನು ಓದಿರುತ್ತೇವೆ. ಅವತ್ತು ಅವರಿಗಾಗಿ ಉಪವಾಸ ಮಾಡಿದೆ, ಅದಕ್ಕಿಂತ ಬೇರೇನು ಮಾಡಬೇಕೋ ತಿಳಿಯಲಿಲ್ಲ. ಮೇ ಹನ್ನೆರಡಕ್ಕೆ ಮಗ ಫೋನ್ ಮಾಡಿದ. "ಉಂಡ್ಯಾ?" ಅಂತಷ್ಟೇ ಕೇಳಿದೆ. "ಉಂಡೆ" ಅಂದ.

ಅವನ ನಾಲ್ಕು ವರ್ಷ 2027ರ ಕೊನೆಗೆ ಮುಗಿಯುತ್ತದೆ. ನಾಲ್ವರಲ್ಲಿ ಉಳಿಸಿಕೊಳ್ಳುವ ಆ ಒಬ್ಬನಾಗುತ್ತಾನೋ ಇಲ್ಲವೋ, ಗಂಡನ ಪ್ರಶ್ನೆ ಇನ್ನೂ ಮನೆಯಲ್ಲೇ ಇದೆ. ಹನ್ನೆರಡನೇ ತರಗತಿಯ ಎರಡು ವಿಷಯ ಇನ್ನೂ ಬಾಕಿ. ಮುಂದಿನ ರಜೆಗೆ ಬಂದಾಗ ಕೂರಿಸಿ ಓದಿಸಬೇಕು ಅಂತ ಅಕ್ಕ ಪುಸ್ತಕಗಳಿಗೆ ರಟ್ಟು ಹಾಕಿ ಇಟ್ಟಿದ್ದಾಳೆ. ಅವನು ಮಾತ್ರ ರಜೆಯಲ್ಲೂ ನಾಲ್ಕೂವರೆಗೇ ಏಳುತ್ತಾನೆ. ಈಗ ಅವನಿಗೆ ಅಲಾರಂ ಬೇಕಿಲ್ಲ. ನಾನೂ ಎದ್ದು ಚಹಾ ಇಡುತ್ತೇನೆ.