ತಂಗಡಿ ಬೀಜ ಕೊನೆಗೂ ಮೊಳೆಯಿತು

ತಂಗಡಿ ಬಂಜರು ನೆಲದಲ್ಲೂ ತಾನಾಗಿಯೇ ಹಬ್ಬುವ ಗಿಡ, ಅಲ್ವಾ? ಆದರೂ ಕುಂಡದಲ್ಲಿ ಹಾಕಿದ ಬೀಜ ಮೊಳೆಯಲೇ ಇಲ್ಲ. ತೊಡಕು ಇದ್ದದ್ದು ಬೀಜದ ಸಿಪ್ಪೆಯಲ್ಲಿ. ಅದು ಬಲು ಗಟ್ಟಿ, ನೀರನ್ನು ಒಳಗೆ ಬಿಡುವುದಿಲ್ಲ.

ಪ್ರತಿ ಬೀಜದ ಒಂದು ಅಂಚನ್ನು ಸ್ಯಾಂಡ್‌ಪೇಪರಿನ ಮೇಲೆ ಸ್ವಲ್ಪವೇ ಉಜ್ಜಿದೆ. ಒಳಗಿನ ತಿರುಳಿಗೆ ಪೆಟ್ಟಾಗಬಾರದು. ರಾತ್ರಿಯಿಡೀ ನೀರಲ್ಲಿ ನೆನೆಹಾಕಿದೆ. ಉಬ್ಬಿದ್ದನ್ನು ಬಿತ್ತಿದೆ, ಉಬ್ಬದ್ದನ್ನು ಮತ್ತೆ ಉಜ್ಜಿದೆ. ಈ ಸಲ ಮೊಳಕೆ ಬಂತು!

ತಾಯಿಬೇರು ಆಳಕ್ಕೆ ಇಳಿಯುವುದರಿಂದ ಸಸಿ ಚಿಕ್ಕದಿರುವಾಗಲೇ ನೆಲಕ್ಕೆ ನೆಟ್ಟೆ. ಬೇರು ಹಿಡಿದ ಮೇಲೆ ನೀರು ಜಾಸ್ತಿ ಬೇಡ.

ಹಳದಿ ಹೂವನ್ನು ನೆರಳಲ್ಲಿ ಒಣಗಿಸಿ ಕಷಾಯ ಮಾಡುತ್ತೇನೆ. ರುಚಿ ಅಂಥದ್ದೇನಲ್ಲ ಬಿಡಿ. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವರು ಮಾತ್ರ ವೈದ್ಯರನ್ನು ಕೇಳದೆ ಕುಡಿಯಬೇಡಿ. ರಕ್ತದ ಸಕ್ಕರೆ ತೀರಾ ಇಳಿಯಬಹುದು.