ಸೋಲಾರ್ ಹಾಕ್ಸೋರು ಮೊದಲು ಕರೆಂಟ್ ಬಿಲ್ ನೋಡಿ

ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮನೆಗೆ ಸೋಲಾರ್ ಹಾಕಿಸಿದರೆ 1 ಕಿಲೋವ್ಯಾಟ್‌ಗೆ 30,000, 2ಕ್ಕೆ 60,000, 3 ಅಥವಾ ಹೆಚ್ಚಿಗೆ 78,000 ರೂಪಾಯಿ ಸಬ್ಸಿಡಿ. ಅಷ್ಟೇ, ಅದಕ್ಕಿಂತ ಮೇಲೆ ಇಲ್ಲ. ದುಡ್ಡು ಬರೋದು ಕೆಲಸ ಮುಗಿದು ಕರೆಂಟ್ ಕಂಪನಿ ಮೆಸ್ಕಾಂನವರು ಪರಿಶೀಲಿಸಿ ನೆಟ್ ಮೀಟರ್ (ನಾವು ತಗೊಂಡ, ವಾಪಸ್ ಕೊಟ್ಟ ಕರೆಂಟ್ ಎರಡನ್ನೂ ಲೆಕ್ಕ ಹಾಕೋದು) ಕೂತ ಮೇಲೆ, ನಿಮ್ಮ ಖಾತೆಗೇ. ಹಾಗಾಗಿ ಮೊದಲಿಗೆ ಕೈಯಿಂದಲೋ ಸಾಲದಿಂದಲೋ ಹೊಂದಿಸಬೇಕು.

ನಮ್ಮ ತೀರ್ಥಹಳ್ಳಿ ಕಡೆ ಬಹಳ ಮನೆಗಳ ಕರೆಂಟ್ ಬಿಲ್‌ನಲ್ಲಿರೋ ಆರ್‌ಆರ್ ನಂಬರ್, ಅಂದ್ರೆ ಸಂಪರ್ಕದ ನಂಬರ್, ಇನ್ನೂ ಅಜ್ಜನ ಹೆಸರಲ್ಲೇ ಇರುತ್ತೆ. ನಮ್ಮದೂ ಹಾಗೇ ಇತ್ತು; ಹೆಸರು ಬದಲಾಯಿಸೋದ್ರಲ್ಲೇ ಒಂದು ಮಳೆಗಾಲ ಹೋಯ್ತು. ಅರ್ಜಿಗೆ ಮುಂಚೆ ಅದನ್ನ ಮುಗಿಸಿಕೊಳ್ಳಿ. ಪ್ಯಾನೆಲ್ ಡಿಸಿಆರ್, ಅಂದ್ರೆ ಭಾರತದಲ್ಲೇ ತಯಾರಾದದ್ದು ಅಂತ ಕೊಟೇಶನ್‌ನಲ್ಲೇ ಬರೆಸಿ, ಇಲ್ಲದಿದ್ದರೆ ಸಬ್ಸಿಡಿ ಇಲ್ಲ. ಮತ್ತೆ, ಮಧ್ಯಾಹ್ನ ಅಡಿಕೆ ಮರದ ನೆರಳು ಹೆಂಚಿನ ಮೇಲೆ ಎಲ್ಲಿವರೆಗೆ ಬರುತ್ತೆ, ಒಮ್ಮೆ ನಿಂತು ನೋಡಿ.